ಪಾಸ್‌ವರ್ಡ್ ಸರಿಯಿದ್ದರೂ ದೂರದ ಕಂಪ್ಯೂಟರ್ ‘ಆಕ್ಸೆಸ್ ಈಸ್ ಡಿನೈಡ್’ ಎನ್ನುವುದೇಕೆ?

ಹಾಸನದ ನಿಮ್ಮ ಕಚೇರಿಯಲ್ಲಿ ಡೊಮೇನ್ (ಎಲ್ಲ ಕಂಪ್ಯೂಟರ್‌ಗಳ ಖಾತೆಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ವ್ಯವಸ್ಥೆ) ಇಲ್ಲ, ಒಂಬತ್ತೂ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಒಂದೇ ಅಡ್ಮಿನ್ ಖಾತೆ ಮತ್ತು ಒಂದೇ ಪಾಸ್‌ವರ್ಡ್ ಇದೆ, ಆದರೂ ದೂರದ ಕಂಪ್ಯೂಟರ್‌ನಲ್ಲಿ ಕಮಾಂಡ್ ನಡೆಸುವ ಪಿಎಸ್‌ಎಕ್ಸೆಕ್ ಎಂಬ ಸಾಧನದ ಮೂಲಕ ಕೊಟ್ಟ ಕಮಾಂಡ್ ಎರಡರಲ್ಲಿ ಮಾತ್ರ ನಡೆದು ಉಳಿದ ಏಳು ‘ಆಕ್ಸೆಸ್ ಈಸ್ ಡಿನೈಡ್’ ಎನ್ನುತ್ತವೆ ಎಂದು ಬರೆದಿದ್ದೀರಿ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನನಗೂ ಇದೇ ತೊಂದರೆ ಎದುರಾಗಿತ್ತು. ಲಾರಿ ತೂಗುವ ವೇಬ್ರಿಡ್ಜ್ ಕೋಣೆಯ ಕಂಪ್ಯೂಟರ್‌ನಲ್ಲಿ ಒಂದು ಸಣ್ಣ ಕೆಲಸವಿದ್ದರೂ ಕಾಫಿ ಒಣಹಾಕಿದ ಕಣವನ್ನು ಸುತ್ತಿಕೊಂಡು ಅಲ್ಲಿಗೇ ಹೋಗಬೇಕಾಗುತ್ತಿತ್ತು.

ಮೊದಲು ದೋಷದ ಸಂಖ್ಯೆಯನ್ನು ನೋಡಿ. 1326 ಎಂದಿದ್ದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 53 ಎಂದಿದ್ದರೆ ಆ ಕಂಪ್ಯೂಟರ್‌ವರೆಗೆ ದಾರಿಯೇ ಸಿಕ್ಕಿಲ್ಲ. ನಿಮಗೆ ಬರುತ್ತಿರುವುದು 5. ಅಂದರೆ ನೀವು ಯಾರೆಂಬುದು ಅದಕ್ಕೆ ಗೊತ್ತಾಗಿದೆ, ಆದರೆ ಈ ಕೆಲಸಕ್ಕೆ ಬೇಕಾದ ಅಧಿಕಾರ ನಿಮಗಿಲ್ಲ ಎನ್ನುತ್ತಿದೆ. ಆದ್ದರಿಂದ ಪಾಸ್‌ವರ್ಡ್ ಬದಲಿಸುತ್ತಾ ಕೂರುವುದರಿಂದ ಪ್ರಯೋಜನವಿಲ್ಲ.

ವಿಂಡೋಸ್ ವಿಸ್ತಾದಿಂದ ಈಚೆಗೆ ಬಂದ ಯುಎಸಿ (ಯೂಸರ್ ಅಕೌಂಟ್ ಕಂಟ್ರೋಲ್) ಎಂಬ ಸುರಕ್ಷತಾ ವ್ಯವಸ್ಥೆಯು, ಲೋಕಲ್ ಅಡ್ಮಿನ್ ಖಾತೆಯೊಂದು (ಆ ಒಂದೇ ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ ಅಡ್ಮಿನ್ ಖಾತೆ) ನೆಟ್‌ವರ್ಕ್ ಮೂಲಕ ಒಳಬಂದಾಗ, ಅದರ ಅಡ್ಮಿನ್ ಅಧಿಕಾರವನ್ನು ಕಳಚಿ ಸಾಮಾನ್ಯ ಬಳಕೆದಾರನಂತೆಯೇ ನಡೆಸಿಕೊಳ್ಳುತ್ತದೆ. ವಿಂಡೋಸ್ ಜೊತೆಗೇ ಬರುವ ಮೂಲ ಅಡ್ಮಿನಿಸ್ಟ್ರೇಟರ್ ಖಾತೆಗೆ ಸಾಮಾನ್ಯವಾಗಿ ಈ ಕಟ್ಟು ಇರುವುದಿಲ್ಲ. ನಾವು ಆಮೇಲೆ ಸೃಷ್ಟಿಸಿದ ಖಾತೆಗಳಿಗೆ ಇರುತ್ತದೆ. ಪಿಎಸ್‌ಎಕ್ಸೆಕ್ ತನ್ನ ಸೇವೆಯನ್ನು ಆಚೆಯ ಕಂಪ್ಯೂಟರ್‌ನಲ್ಲಿ ಸ್ಥಾಪಿಸಲು ‘ಅಡ್ಮಿನ್ ಡಾಲರ್’ ಎಂಬ ಗುಪ್ತ ಶೇರ್ (ನೆಟ್‌ವರ್ಕ್ ಮೂಲಕ ಹಂಚಿಕೊಂಡ ಫೋಲ್ಡರ್) ತೆರೆಯಬೇಕು, ಅದು ಸಾಮಾನ್ಯ ಬಳಕೆದಾರನಿಗೆ ತೆರೆಯುವುದಿಲ್ಲ. ಅದೇ ಖಾತೆಯಿಂದ ಎಕ್ಸ್‌ಪ್ಲೋರರ್‌ನಲ್ಲಿ ಆ ಶೇರನ್ನು ತೆರೆದು ನೋಡಿ. ಅಲ್ಲೂ ತಡೆದರೆ ಕಾರಣ ಬಹುಮಟ್ಟಿಗೆ ಇದೇ.

ಇದಕ್ಕೆ ಪರಿಹಾರ ಆಚೆಯ ಕಂಪ್ಯೂಟರ್‌ನ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಕೋಶದಲ್ಲಿದೆ. ಎಚ್‌ಕೆಎಲ್‌ಎಂ (ಎಚ್‌ಕೀ ಲೋಕಲ್ ಮಷೀನ್) ಎಂಬ ವಿಭಾಗದ ಅಡಿಯಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಪಾಲಿಸೀಸ್, ಸಿಸ್ಟಮ್ ಎಂಬಲ್ಲಿಗೆ ಇಳಿದು, ‘ಲೋಕಲ್‌ಅಕೌಂಟ್‌ಟೋಕನ್‌ಫಿಲ್ಟರ್‌ಪಾಲಿಸಿ’ ಎಂಬ ಡಿವರ್ಡ್ (ಸಂಖ್ಯೆಯನ್ನು ಇಡುವ ನಮೂದು) ಸೃಷ್ಟಿಸಿ ಬೆಲೆಯನ್ನು 1 ಮಾಡಿ. ನಾನು ಮೊದಲು ಇದನ್ನು ನನ್ನ ಮೇಜಿನ ಕಂಪ್ಯೂಟರ್‌ನಲ್ಲಿ ಮಾಡಿ ಅರ್ಧ ದಿನ ಕಳೆದುಕೊಂಡೆ. ಬದಲಾಗಬೇಕಾದದ್ದು ಕಮಾಂಡ್ ಸ್ವೀಕರಿಸುವ ಕಂಪ್ಯೂಟರ್. ನಿಮ್ಮ ಆ ಎರಡರಲ್ಲಿ ಯಾರೋ ಹಿಂದೆ ಪವರ್‌ಶೆಲ್ ರಿಮೋಟಿಂಗ್ (ದೂರದಿಂದ ಕಮಾಂಡ್ ಕೊಡುವ ವಿಂಡೋಸ್‌ನದೇ ಸೌಲಭ್ಯ) ಚಾಲೂ ಮಾಡಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಡೊಮೇನ್ ಇಲ್ಲದ ಕಂಪ್ಯೂಟರ್‌ನಲ್ಲಿ ಆ ಕ್ರಮವೇ ಈ ಬೆಲೆಯನ್ನು 1 ಮಾಡಿಬಿಡುತ್ತದೆ.

ಯುಎಸಿಯನ್ನೇ ಆಫ್ ಮಾಡಿಬಿಡಿ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಕಟ್ಟನ್ನು ಸಡಿಲಿಸುವ ಮುನ್ನವೇ ಪ್ರತಿ ಕಂಪ್ಯೂಟರ್‌ಗೆ ಬೇರೆ ಬೇರೆ ಪಾಸ್‌ವರ್ಡ್ ಇಡಿ. ಒಂದೇ ಪಾಸ್‌ವರ್ಡ್ ಉಳಿಸಿಕೊಂಡರೆ, ಒಂದರೊಳಗೆ ನುಗ್ಗಿದವನಿಗೆ ಒಂಬತ್ತರ ಬಾಗಿಲೂ ತೆರೆದಂತೆಯೇ.

ಇಷ್ಟಾದ ಮೇಲೆ ಕಮಾಂಡ್ ನಡೆದರೂ, ಅದು ಮೂರನೆಯ ಕಂಪ್ಯೂಟರ್‌ನ ಶೇರ್‌ನಿಂದ ಫೈಲ್ ಓದಹೊರಟಾಗ ಮತ್ತೆ ಇದೇ ದೋಷ ಕಾಣಬಹುದು. ಖಾತೆಯ ಹೆಸರನ್ನು ಕೊಡದಿದ್ದರೆ ಪಿಎಸ್‌ಎಕ್ಸೆಕ್ ನಡೆಸುವ ಕೆಲಸಕ್ಕೆ ಅಲ್ಲಿಂದ ಮುಂದಕ್ಕೆ ನೆಟ್‌ವರ್ಕ್ ಪ್ರವೇಶ ಇರುವುದಿಲ್ಲ. ನಾನು ಫೈಲನ್ನು ಮೊದಲೇ ಆ ಕಂಪ್ಯೂಟರ್‌ಗೆ ನಕಲು ಮಾಡಿ, ನಂತರ ಕಮಾಂಡ್ ಕೊಡುತ್ತೇನೆ.