ಓದುಗರ ಪ್ರಶ್ನೆಗೆ ಉತ್ತರ: ದೀಪ ಎಷ್ಟು ದೂರದಲ್ಲಿರಬೇಕು?

ಪ್ರಶ್ನೆ: ಒಂದು ಸ್ಟುಡಿಯೋ ಸ್ಟ್ರೋಬ್ (ಕ್ಷಣಮಾತ್ರ ಮಿಂಚುವ ಫ್ಲಾಶ್ ದೀಪ) ಹಾಗೂ ಅದರ ಬೆಳಕನ್ನು ಹರಡುವ, 90 ಸೆಂ.ಮೀ. ಅಗಲದ ಸಾಫ್ಟ್‌ಬಾಕ್ಸ್ ಬಳಸಿ ಭಾವಚಿತ್ರ ತೆಗೆಯುತ್ತಿದ್ದೇನೆ. ನೆರಳು ಮೃದುವಾಗಲೆಂದು ದೀಪವನ್ನು 3 ಮೀಟರ್ ದೂರಕ್ಕೆ ಸರಿಸಿದರೂ ಮೂಗಿನ ನೆರಳು ಗಡುಸಾಗಿಯೇ ಬೀಳುತ್ತಿದೆ. ಹಿಂದಿನ ಗೋಡೆಯ ಮೇಲೂ ತಲೆಯ ನೆರಳು ಕಾಣುತ್ತದೆ. ಷಟರ್ ವೇಗವನ್ನು 1/500 ಸೆಕೆಂಡಿಗೆ ಏರಿಸಿದರೆ ಚಿತ್ರದ ಒಂದು ಭಾಗ ಕಪ್ಪಾಗುತ್ತದೆ. ಪರಿಹಾರವೇನು?

ಉತ್ತರ: ದೀಪವನ್ನು ದೂರ ಸರಿಸಿದ್ದೇ ತೊಂದರೆಯ ಮೂಲ. ಕುಳಿತವರ ಮುಖಕ್ಕೆ ಸಾಫ್ಟ್‌ಬಾಕ್ಸ್ ಎಷ್ಟು ದೊಡ್ಡದಾಗಿ ಕಾಣುತ್ತದೆಯೋ ನೆರಳಿನ ಅಂಚು ಅಷ್ಟು ಮೃದುವಾಗುತ್ತದೆ. ದೂರ ಹೋದಂತೆ ಅದು ಚಿಕ್ಕದಾಗಿ, ನೆರಳು ಗಡುಸಾಗುತ್ತದೆ. ಆದ್ದರಿಂದ ದೀಪವನ್ನು ಮುಖದಿಂದ 1 ಮೀಟರ್ ದೂರಕ್ಕೆ ತನ್ನಿ. ಆಗ ಮುಖದ ಮೇಲೆ ಸುಮಾರು ಒಂಬತ್ತು ಪಟ್ಟು ಬೆಳಕು ಬೀಳುವುದರಿಂದ ಸ್ಟ್ರೋಬಿನ ಶಕ್ತಿಯನ್ನು ಮೂರು ಸ್ಟಾಪ್‌ಗಿಂತ ತುಸು ಹೆಚ್ಚು ಇಳಿಸಬೇಕಾಗುತ್ತದೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ).

ಇದರಿಂದ ಗೋಡೆಯ ಸಮಸ್ಯೆಯೂ ಬಹುಮಟ್ಟಿಗೆ ಬಗೆಹರಿಯುತ್ತದೆ. ಗೋಡೆ ಕುಳಿತವರಿಂದ 2 ಮೀಟರ್ ಹಿಂದಿದೆ ಎಂದುಕೊಳ್ಳೋಣ. ದೀಪ 3 ಮೀಟರ್ ದೂರದಲ್ಲಿದ್ದಾಗ ಮುಖಕ್ಕೆ ಬೀಳುವ ಬೆಳಕಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಗೋಡೆಗೂ ತಲುಪುತ್ತದೆ. 1 ಮೀಟರ್‌ನಲ್ಲಿದ್ದರೆ ತಲುಪುವುದು ಒಂಬತ್ತನೆಯ ಒಂದು ಭಾಗ ಮಾತ್ರ, ಹೀಗಾಗಿ ಗೋಡೆ ತಾನಾಗಿ ಕಪ್ಪಿನತ್ತ ವಾಲುತ್ತದೆ. ದೀಪವನ್ನು ಕ್ಯಾಮೆರಾದಿಂದ ಸುಮಾರು 45 ಡಿಗ್ರಿ ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಮೇಲೆ ನಿಲ್ಲಿಸಿದರೆ ಉಳಿದ ನೆರಳೂ ಚೌಕಟ್ಟಿನಿಂದ ಆಚೆ ಸರಿಯುತ್ತದೆ. ಆದರೆ ತೀರಾ ಹತ್ತಿರವೂ ಬೇಡ: ಅರ್ಧ ಮೀಟರ್‌ನಲ್ಲಿ ಒಂದು ಕೆನ್ನೆ ಬೆಳ್ಳಗಾಗಿ ಇನ್ನೊಂದು ಕತ್ತಲಲ್ಲಿ ಉಳಿದೀತು. ಕತ್ತಲೆಯ ಬದಿಯಲ್ಲಿ ಒಂದು ಬಿಳಿ ಹಲಗೆ ಇಡಿ. ಎರಡನೆಯ ದೀಪ ಕೊಳ್ಳುವ ಆತುರ ನನ್ನ ಮಟ್ಟಿಗೆ ಅನಗತ್ಯ.

ಇನ್ನು ಷಟರ್. ಸಿಂಕ್ ವೇಗವನ್ನು, ಅಂದರೆ ಷಟರ್ ಒಮ್ಮೆಗೇ ಪೂರ್ತಿ ತೆರೆದಿರುವ ಅತಿ ಹೆಚ್ಚಿನ ವೇಗವನ್ನು, ಮೀರಿದಾಗ ಷಟರಿನ ಎರಡು ಪರದೆಗಳ ನಡುವೆ ಕಿರಿದಾದ ಸೀಳಷ್ಟೇ ತೆರೆದಿರುತ್ತದೆ; ಸ್ಟ್ರೋಬ್ ಮಿಂಚುವ ಕ್ಷಣದಲ್ಲಿ ಮುಚ್ಚಿರುವ ಭಾಗ ಕಪ್ಪಾಗುತ್ತದೆ. 1/125 ಅಥವಾ 1/160ರಲ್ಲೇ ಇರಿ. ಮಿಂಚಿನ ಅವಧಿ ತೀರಾ ಚಿಕ್ಕದಾದ್ದರಿಂದ ಸ್ಟ್ರೋಬಿನ ಬೆಳಕನ್ನು ಅಪರ್ಚರ್ (ಲೆನ್ಸಿನ ತೆರಪಿನ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಮತ್ತು ದೀಪದ ಶಕ್ತಿಯಿಂದಲೇ ಹೊಂದಿಸಬೇಕು. ಸ್ಟ್ರೋಬ್ ಆಫ್ ಮಾಡಿ ಐಎಸ್‌ಒ 100, ಎಫ್/8 ಅಪರ್ಚರ್‌ನಲ್ಲಿ ಒಂದು ಚಿತ್ರ ತೆಗೆದು ನೋಡಿ: ಅದು ಪೂರ್ತಿ ಕಪ್ಪಾಗಿದ್ದರೆ ಕೋಣೆಯ ದೀಪಗಳ ಬಣ್ಣ ಚರ್ಮದ ಬಣ್ಣದಲ್ಲಿ ಬೆರೆಯುತ್ತಿಲ್ಲ ಎಂದರ್ಥ.

ಪ್ರಶ್ನೆ: ಕನ್ನಡಕದಲ್ಲಿ ಸಾಫ್ಟ್‌ಬಾಕ್ಸಿನ ಪ್ರತಿಬಿಂಬ ಮೂಡುತ್ತದೆ. ತಪ್ಪಿಸುವುದು ಹೇಗೆ?

ಉತ್ತರ: ದೀಪವನ್ನು ಇನ್ನಷ್ಟು ಎತ್ತರಿಸಿ ಅಥವಾ ಪಕ್ಕಕ್ಕೆ ಸರಿಸಿ. ಸಾಲದಿದ್ದರೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೊಂಚ ಎತ್ತಿ, ಗಾಜು ತುಸು ಕೆಳಮುಖವಾಗುವಂತೆ ಮಾಡಿ. ಸ್ಟ್ರೋಬಿನ ಮಾಡೆಲಿಂಗ್ ದೀಪ (ಸ್ಟ್ರೋಬಿನಲ್ಲೇ ಇರುವ, ಸತತವಾಗಿ ಉರಿಯುವ ದೀಪ) ಹೊತ್ತಿಸಿಟ್ಟುಕೊಂಡರೆ ಪ್ರತಿಬಿಂಬ ಮಾಯವಾಗುವ ಕೋನ ಚಿತ್ರ ತೆಗೆಯುವ ಮೊದಲೇ ಕಣ್ಣಿಗೆ ಬೀಳುತ್ತದೆ.