ಹಳೆಯ ನುವಾರ್ ಸಿನಿಮಾಗಳ (ಕತ್ತಲು, ಅಪರಾಧ, ಪತ್ತೇದಾರರ ಹಾಲಿವುಡ್ ಚಿತ್ರಗಳು) ಗುಂಗಿರುವ, ಈಗಿನ ಕಾಲದ ಕಡಿಮೆ ಬಜೆಟ್ಟಿನ ಕೊಲೆ ರಹಸ್ಯ ಯಾವುದಿದೆ?

ಮೊದಲು 'ಬ್ರಿಕ್' (2005) ನೋಡಿ. ನಿರ್ದೇಶಕ ರಯಾನ್ ಜಾನ್ಸನ್ ಅವರ ಮೊದಲ ಸಿನಿಮಾ, ಖರ್ಚು ಸುಮಾರು 4.5 ಲಕ್ಷ ಡಾಲರ್ ಅಷ್ಟೇ. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆಯಲ್ಲಿ, ತಾವೇ ಓದಿದ ಹೈಸ್ಕೂಲಿನಲ್ಲಿ ಶೂಟಿಂಗ್ ಮಾಡಿದ್ದಾರೆ.

ಬ್ರೆಂಡನ್ ಅನ್ನೋ ಹುಡುಗನ ಹಳೆಯ ಗೆಳತಿ ನೀರು ಹರಿಯೋ ಸುರಂಗದ ಬಾಯಲ್ಲಿ ಹೆಣವಾಗಿ ಸಿಗುತ್ತಾಳೆ. ಯಾರು ಕೊಂದರು ಅಂತ ಅವನೇ ಹುಡುಕಲು ಹೊರಡುತ್ತಾನೆ. ಡ್ಯಾಶಿಯಲ್ ಹ್ಯಾಮೆಟ್ ಕಾದಂಬರಿಗಳ ಪತ್ತೇದಾರರ ಹಾಗೆ ಚುಟುಕಾಗಿ, ಖಡಕ್ಕಾಗಿ ಮಾತಾಡುತ್ತಾನೆ, ಚೆನ್ನಾಗಿ ಏಟು ತಿನ್ನುತ್ತಾನೆ, ಆದರೂ ಬಿಡೋದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಇದು ಸುಮ್ನೆ ಹ್ಯಾಟು, ಸಿಗರೇಟ್ ಹೊಗೆ, ಕಪ್ಪು ಬಿಳುಪು ಅಂತ ನಕಲು ಮಾಡದೆ, ಹಗಲು ಬೆಳಕಲ್ಲೇ, ಸ್ಕೂಲಿನ ಲಾಕರ್‌ಗಳ ನಡುವೆಯೇ ಆ ಭಯ ಹುಟ್ಟಿಸೋದು. ಒಬ್ಬ ಚಾಕು ಹಿಡಿದು ಅಟ್ಟಿಸಿಕೊಂಡು ಬರುವಾಗ ಬ್ರೆಂಡನ್ ಶೂ ಬಿಚ್ಚಿ, ಸದ್ದಿಲ್ಲದೆ ಹಿಂದಕ್ಕೆ ಓಡಿ ಅವನನ್ನು ಬೀಳಿಸೋ ದೃಶ್ಯ ನೋಡಿ, ಬರೀ ಹೆಜ್ಜೆ ಸದ್ದಿನಲ್ಲೇ ಕೆಲಸ ಮುಗಿಸಿದ್ದಾರೆ. ಡ್ರಗ್ಸ್ ದಂಧೆಯವನ ಮನೆಯಲ್ಲಿ ಅವನ ಅಮ್ಮ ಅಡುಗೆಮನೆಯಲ್ಲಿ ಹುಡುಗರಿಗೆ ಜ್ಯೂಸ್ ಕೊಡೋದಂತೂ ನಗು, ಭಯ ಎರಡೂ ತರಿಸುತ್ತೆ.

ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿಯೂ ಬಂತು. ಮಾತು ಬೇಗ ಬೇಗ ಓಡುತ್ತೆ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ.