ಹಳೆಯ ಮನೆ ಕಂಪ್ಯೂಟರ್ ವಿಂಡೋಸ್ 11 ಅನ್ನು ಒಪ್ಪುತ್ತಿಲ್ಲ. ಲಿನಕ್ಸ್‌ಗೆ ಬದಲಾಯಿಸಬಹುದೇ?

ಧೈರ್ಯವಾಗಿ ಬದಲಾಯಿಸಿ. ಲಿನಕ್ಸ್ ಎಂದರೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ಎಂದು ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುವುದು ನನಗಂತೂ ಸಂಕಟದ ವಿಷಯ. 4 ಜಿಬಿ ರ‍್ಯಾಮ್ ಇದ್ದರೂ ಲಿನಕ್ಸ್‌ನ ಒಂದು ಸುಲಭ ರೂಪವಾದ ಲಿನಕ್ಸ್ ಮಿಂಟ್ ನಡೆಯುತ್ತದೆ. ಪೆನ್‌ಡ್ರೈವ್‌ಗೆ ಮಿಂಟ್ ಬರೆದು, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿ. ಡಿಸ್ಕಿನಲ್ಲಿರುವ ಏನನ್ನೂ ಅಳಿಸದೆ ವೈಫೈ, ಧ್ವನಿ, ಪ್ರಿಂಟರ್ ಪರೀಕ್ಷಿಸಬಹುದು.

ನಿಜವಾದ ತೊಡಕು ಕನ್ನಡದ ಹಳೆಯ ಕಡತಗಳದ್ದು. ದಾವಣಗೆರೆಯ ನಮ್ಮ ಮನೆಯಲ್ಲಿ ಅಪ್ಪ ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದ ಪತ್ರವನ್ನು ಬರವಣಿಗೆಯ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ತೆರೆದಾಗ, ‘ಮಾನ್ಯರೇ’ ಎಂದಿರಬೇಕಾದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಂಡಿತು. ಅಪ್ಪನ ಮುಖ ಸಣ್ಣದಾಯಿತು. ಪತ್ರ ಕೆಟ್ಟಿರಲಿಲ್ಲ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಓದುವ ಅಕ್ಷರ ಸಂಕೇತ) ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿತ್ತು, ಅಷ್ಟೇ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದ ಮೇಲೆ ಸರಿಹೋಯಿತು, ಕೆಲವು ಒತ್ತಕ್ಷರಗಳನ್ನು ಮಾತ್ರ ಕೈಯಲ್ಲಿ ತಿದ್ದಬೇಕಾಯಿತು. ಈ ಕೆಲಸವನ್ನು ವಿಂಡೋಸ್ ಅಳಿಸುವ ಮೊದಲೇ ಮುಗಿಸಿ, ಎಲ್ಲದರ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿಡಿ. ಟೈಪಿಂಗ್ ಬಗ್ಗೆ ಚಿಂತೆ ಬೇಡ: ಲಿನಕ್ಸ್‌ನಲ್ಲಿ ಬೇರೆ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್‌ಗೆ ಹಲವು ಭಾಷೆಗಳ ಕೀಲಿಮಣೆಗಳಿರುವ ಎಂ17ಎನ್ ಸೇರಿಸಿ ‘ಕೆಜಿಪಿ’ ಆರಿಸಿದರೆ ನುಡಿಯ ಅದೇ ಕೀಲಿಮಣೆ ವಿನ್ಯಾಸ ಸಿಗುತ್ತದೆ.

ಮಂಡಿಪೇಟೆಯ ಅಂಗಡಿ ಲೆಕ್ಕವನ್ನು ಮನೆಯಲ್ಲಿ ಟ್ಯಾಲಿಯಲ್ಲಿ ಬರೆಯುವವರಾದರೆ ವಿಂಡೋಸ್ ಅನ್ನು ಪೂರ್ತಿ ತೆಗೆಯಬೇಡಿ, ಟ್ಯಾಲಿ ಅದಕ್ಕೆಂದೇ ಮಾಡಿದ್ದು. ವಿಂಡೋಸ್, ಲಿನಕ್ಸ್ ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟುಕೊಳ್ಳಿ. ಬೆಂಬಲ ಮುಗಿದ ವಿಂಡೋಸ್‌ನಲ್ಲಿ ಸುರಕ್ಷತೆ ಕಡಿಮೆ, ಹಾಗಾಗಿ ಬ್ಯಾಂಕ್ ವ್ಯವಹಾರವನ್ನು ಲಿನಕ್ಸ್‌ನಲ್ಲೇ ಮಾಡಿ.